ತಟ್ಟೆಯ ನಾದ, ಸಿ. ಡಿ.ಯ ನಾದ: ಒಂದು ವಾದದ ಪರೀಕ್ಷೆ

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಸಂಗೀತಾಭಿಮಾನಿಗಳಾದ ಮಿತ್ರರೊಬ್ಬರು ಮಾಡಿದ ಉಪನ್ಯಾಸವನ್ನು ಕೇಳಿದ ಮೇಲೆ ಈ ಲೇಖನವನ್ನು ಬರೆಯದೆ ಇರುವುದು ನನ್ನಿಂದಾಗಲಿಲ್ಲ. ಅವರು ವಾಗ್ಮಿಗಳು, ಅವರ ಸಂಗೀತಪ್ರೇಮದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆದರೆ ಅವರು ಸ್ಥಾಪಿಸಿದ ಸಿದ್ಧಾಂತವಾದರೋ ಹೀಗಿತ್ತು: ಗ್ರಾಮಫೋನ್ ತಟ್ಟೆಯಲ್ಲಿರುವ ನಾದವು ಸಜೀವವಾದುದು, ಕಾಂಪ್ಯಾಕ್ಟ್ ಡಿಸ್ಕಿನಲ್ಲಿ, ಎಂದರೆ ಸಿ. ಡಿ.ಯಲ್ಲಿ, ಇರುವುದು ಅದರ ಶವ. ಸಭಿಕರು ಕರತಾಡನ ಮಾಡಿದರು. ಆ ಉತ್ಸಾಹದಲ್ಲಿಯೇ ಒಂದು ಸೂಚನೆಯೂ ಮಂಡಿತವಾಯಿತು. ಸಂಘದ ಸಂಗೀತನಿಧಿಯಲ್ಲಿರುವ ಹಣದಿಂದ ತಟ್ಟೆಯ ಯಂತ್ರವೊಂದನ್ನು ಹೊಸದಾಗಿ ಕೊಂಡು, ನಮ್ಮ ಬೀರುವಿನಲ್ಲಿರುವ ಹಳೆಯ ತಟ್ಟೆಗಳನ್ನು ಪ್ರತಿ ತಿಂಗಳೂ ಎರಡನೆಯ ಭಾನುವಾರ ಸದಸ್ಯರಿಗೆ ಕೇಳಿಸತಕ್ಕದ್ದು. ಅವುಗಳನ್ನು ಅಂಕರೂಪಕ್ಕೆ ಇಳಿಸಿ ಇಡಬೇಕೆಂದು ಹಿಂದೆ ಆಗಿದ್ದ ಆಲೋಚನೆಯನ್ನು ಕೈಬಿಡತಕ್ಕದ್ದು. ಮುಂದಿನ ಸಭೆಯಲ್ಲಿ ಇದು ಇತ್ಯರ್ಥವಾಗಬೇಕಾಗಿದೆ. ಇತ್ಯರ್ಥವಾಗುವುದಕ್ಕೆ ಮುಂಚೆ ಸದಸ್ಯ ಮಹಾಶಯರು ಉತ್ತರಪಕ್ಷವನ್ನೂ ಕೇಳಬೇಕೆಂದು ಪ್ರಾರ್ಥಿಸುವೆನು.

ಮೊದಲು ಒಂದು ತಪ್ಪೊಪ್ಪಿಗೆ. ಹತ್ತು ವರ್ಷಗಳ ಹಿಂದೆ ನಾನೂ ಇದೇ ಮತವನ್ನು ಹಿಡಿದು, ಮನೆಯಲ್ಲಿದ್ದ ಮೂವತ್ತು ನಲವತ್ತು ಸಿ. ಡಿ.ಗಳನ್ನು ನೆಂಟರಿಷ್ಟರ ಮಕ್ಕಳಿಗೆ ಹಂಚಿಬಿಟ್ಟೆನು. ಅವುಗಳಲ್ಲಿ ಕೆಲವು ಈಗ ಎಷ್ಟು ಹುಡುಕಿದರೂ ನನಗೆ ದೊರೆತಿಲ್ಲ. ಆದುದರಿಂದ ನಾನು ಖಂಡಿಸಲು ಹೊರಟಿರುವುದು ಪರಮತವನ್ನು ಮಾತ್ರವೇ ಅಲ್ಲ. ನನ್ನ ಹಿಂದಿನ ಮತವನ್ನೂ ಹೌದು.

ವಿಚಾರಕ್ಕೆ ಮುನ್ನ ವಸ್ತುಲಕ್ಷಣವನ್ನು ಹೇಳಬೇಕು. ಮನೆಮಾತಿನಲ್ಲಿ ನಾವು ಪ್ಲೇಟು ಎಂದು ಕರೆಯುವುದರಲ್ಲಿ ಎರಡು ಬಗೆ. ಹಿಂದಿನದು ಅರಗನ್ನು ಬೆರಸಿ ಮಾಡಿದುದು. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವುದು. ಹತ್ತು ಅಂಗುಲದ ತಟ್ಟೆಯ ಒಂದು ಪಕ್ಕದಲ್ಲಿ ಮೂರು ನಿಮಿಷದ ಹಾಡು ಹಿಡಿಯುವುದು. ಎರಡನೆಯದು ವಿನೈಲ್ ಎಂಬ ದ್ರವ್ಯದ್ದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಯವರು ಹೊರತಂದ ಈ ತಟ್ಟೆಯು ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವುದು. ಪಕ್ಕವೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ನಡೆಯುವುದು. ಎರಡರಲ್ಲಿಯೂ ತತ್ತ್ವವೊಂದೇ: ಗಾಳಿಯ ಕಂಪನದ ಆಕಾರವನ್ನೇ ಸುರುಳಿಗೆರೆಯಾಗಿ ಕೊರೆಯುವುದು, ಮುಳ್ಳು ಆ ಗೆರೆಯಲ್ಲಿ ಓಡಿ ಕಂಪನವನ್ನು ಮರಳಿ ಕೊಡುವುದು. ಸಿ. ಡಿ.ಯ ಲಕ್ಷಣವನ್ನು ಸೋನಿ ಮತ್ತು ಫಿಲಿಪ್ಸ್ ಕಂಪೆನಿಗಳು 1980ರಲ್ಲಿ ಗೊತ್ತುಮಾಡಿದವು. 1982ರ ಅಕ್ಟೋಬರಿನಲ್ಲಿ ಅದು ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. 120 ಮಿಲಿಮೀಟರ್ ಅಗಲದ ಈ ಬಿಲ್ಲೆಯಲ್ಲಿ ನಾದದ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಲುಗಳಲ್ಲಿ ಒಂದಾಗಿ ಗುರುತಿಸಿ, ಅಂಕಿಗಳಾಗಿ ಬರೆದಿರುವುದು. ಅದನ್ನು ಓದುವುದು ಬೆಳಕಿನ ಕಿರಣ. ಬಿಲ್ಲೆಗೆ ಯಾವುದೂ ತಾಗುವುದಿಲ್ಲ.

ಈ ವಾದವು ನಮ್ಮ ಊರಿನದು ಮಾತ್ರವಲ್ಲವೆಂಬುದನ್ನು ಬಲ್ಲೆನು. ಅಮೆರಿಕದ ಧ್ವನಿಮುದ್ರಣೋದ್ಯಮದವರ ಲೆಕ್ಕದಂತೆ 2022ರಲ್ಲಿ ಆ ದೇಶದಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳೂ 3.3 ಕೋಟಿ ಸಿ. ಡಿ.ಗಳೂ ಮಾರಾಟವಾದುವು. 1987ರಿಂದೀಚೆಗೆ ತಟ್ಟೆಯು ಸಂಖ್ಯೆಯಲ್ಲಿ ಮೇಲಾದುದು ಅದೇ ಮೊದಲು. ಆದರೆ ಬಹುಜನರು ಕೊಂಡರೆಂಬುದು ಶ್ರೇಷ್ಠತೆಗೆ ಹೇತುವಾಗಲಾರದು. ಹೇತುಗಳೆಂದು ಉಪನ್ಯಾಸಕರು ಹೇಳಿದುದು ಮೂರು. ಒಂದು, ಸಿ. ಡಿ.ಯು ಅಖಂಡವಾದ ನಾದವನ್ನು ತುಂಡರಿಸುವುದು, ತಟ್ಟೆಯು ತುಂಡರಿಸುವುದಿಲ್ಲ. ಎರಡು, ತಟ್ಟೆಯಲ್ಲಿ ನಾದವು ಯಾವ ಸಂಸ್ಕಾರವೂ ಇಲ್ಲದೆ ಇದ್ದದ್ದಿದ್ದಂತೆ ನಿಲ್ಲುವುದು. ಮೂರು, ಒಂದೇ ಹಾಡನ್ನು ಎರಡರಲ್ಲಿಯೂ ಕೇಳಿದರೆ ಸಿ. ಡಿ.ಯದು ಕರ್ಕಶವೆಂದು ಕಿವಿಗೇ ಪ್ರತ್ಯಕ್ಷವಾಗುವುದು. ಕ್ರಮವಾಗಿ ಪರೀಕ್ಷಿಸೋಣ.

ಮೊದಲನೆಯ ಹೇತುವು ಕೇಳುವುದಕ್ಕೆ ಬಲವಾಗಿದೆ. ಸೆಕೆಂಡಿಗೆ ಎಷ್ಟು ಸಲ ಅಳೆದರೇನು, ಎರಡು ಅಳತೆಗಳ ನಡುವೆ ಇದ್ದುದು ಹೋಗಲಿಲ್ಲವೇ ಎಂದು ಯಾರಿಗಾದರೂ ತೋರುವುದು ಸಹಜ. ನಾನು ತರಗತಿಯಲ್ಲಿ ರೇಖಾಗಣಿತವನ್ನು ಕಲಿಸುತ್ತಿದ್ದಾಗ ಹುಡುಗರಿಗೆ ಹೇಳುತ್ತಿದ್ದೆನು: ಎರಡು ಬಿಂದುಗಳನ್ನು ಕೊಟ್ಟರೆ ಅವುಗಳ ಮೂಲಕ ಹೋಗುವ ಸರಳರೇಖೆ ಒಂದೇ ಒಂದು, ಒಂದೇ ಗೆರೆಯ ಮೇಲಿಲ್ಲದ ಮೂರು ಬಿಂದುಗಳನ್ನು ಕೊಟ್ಟರೆ ಅವುಗಳ ಮೂಲಕ ಹೋಗುವ ವೃತ್ತ ಒಂದೇ ಒಂದು. ನಡುವಣ ಬಿಂದುಗಳನ್ನು ಬರೆದಿಡದೆ ಹೋದುದರಿಂದ ವೃತ್ತವು ತುಂಡಾಗಲಿಲ್ಲ. ಮೂರರಲ್ಲಿಯೇ ಅದು ಪೂರ್ಣವಾಗಿ ಅಡಗಿದೆ. ನಾದದ ವಿಷಯದಲ್ಲಿಯೂ ಇಂತಹುದೇ ಒಂದು ಪ್ರಮೇಯವಿದೆ. ಒಂದು ಕಂಪನದಲ್ಲಿರುವ ಅತ್ಯುಚ್ಚ ಸ್ಥಾಯಿಯ ಎರಡರಷ್ಟಕ್ಕೂ ಮೀರಿ ಅಳತೆ ಮಾಡಿದರೆ, ಆ ಅಳತೆಗಳ ಮೂಲಕ ಹೋಗಬಲ್ಲ ಕಂಪನರೇಖೆ ಒಂದೇ ಒಂದು. 1928ರಲ್ಲಿ ನೈಕ್ವಿಸ್ಟ್ ಎಂಬವರು ತಂತಿವಾರ್ತೆಯ ಸಂಬಂಧದಲ್ಲಿ ಇದರ ಬೀಜವನ್ನು ಹಾಕಿದರು. 1949ರಲ್ಲಿ ಶ್ಯಾನನ್ ಎಂಬವರು ಇದನ್ನು ಸಪ್ರಮಾಣವಾಗಿ ಪ್ರಕಟಿಸಿದರು. ಮನುಷ್ಯನ ಕಿವಿಯು ಎಳೆಯ ವಯಸ್ಸಿನಲ್ಲಿಯೂ ಸೆಕೆಂಡಿಗೆ 20,000 ಕಂಪನಗಳ ಆಚೆಗೆ ಕೇಳಲಾರದು. ವಯಸ್ಸಾದಂತೆ ಆ ಎಲ್ಲೆಯೂ ಕೆಳಗಿಳಿಯುವುದು. 44,100 ಎಂಬ ಅಂಕಿಯನ್ನು ಆರಿಸಿದುದು ಇದನ್ನು ಬಲ್ಲವರೇ. ಪತ್ರಿಕೆಗಳಲ್ಲಿ ಬರುವ ಮೆಟ್ಟಲುಮೆಟ್ಟಲಾದ ಚಿತ್ರವನ್ನು ನೋಡಿ ಹೆದರಬೇಕಾಗಿಲ್ಲ. ಯಂತ್ರದಿಂದ ಹೊರಗೆ ಬರುವ ರೇಖೆಯು ಸೋಸಿ ನಯವಾದುದು, ಅದರಲ್ಲಿ ಮೆಟ್ಟಲುಗಳಿರುವುದಿಲ್ಲ.

ಇದು ಪಾಶ್ಚಾತ್ಯ ಗಣಿತ, ನಮಗೆ ಮನಸ್ಸೊಪ್ಪದು ಎನ್ನುವವರಿದ್ದರೆ ನಮ್ಮ ಪಾಠಶಾಲೆಯ ನಿದರ್ಶನವನ್ನೇ ಕೊಡುವೆನು. ವೇದದ ಸಂಹಿತಾಪಾಠವು ಅಖಂಡಪ್ರವಾಹ. ಪದಪಾಠವು ಅದನ್ನು ಪದಪದವಾಗಿ ಒಡೆಯುವುದು. ಪದಪಾಠದಿಂದ ವೇದವು ಸತ್ತಿತೆಂದು ಯಾವ ವೈದಿಕನಾದರೂ ಹೇಳಿದುದುಂಟೇ? ಸಂಧಿನಿಯಮಗಳೂ ಸ್ವರನಿಯಮಗಳೂ ಗೊತ್ತಿರುವುದರಿಂದ ಪದಗಳನ್ನು ಕೂಡಿಸಿದರೆ ಸಂಹಿತೆಯು ಮರಳಿ ನಿಲ್ಲುವುದು. ಒಡೆದುದು ಕೆಡಿಸುವುದಕ್ಕಲ್ಲ, ಕಾಪಾಡುವುದಕ್ಕೆ. ಅಷ್ಟರಲ್ಲಿಯೇ ನಿಲ್ಲದೆ ನಮ್ಮವರು ಕ್ರಮ, ಜಟೆ, ಘನ ಎಂದು ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳಿಸಿದರು. ಒಂದು ಕಡೆ ಅಕ್ಷರ ಜಾರಿದರೆ ಇನ್ನೊಂದು ಕಡೆ ಸಿಕ್ಕುವುದು. ಸಿ. ಡಿ.ಯಲ್ಲಿಯೂ ಅಂಕಿಗಳನ್ನು ಸಾಲಾಗಿ ಬರೆಯದೆ, ಹೆಚ್ಚುವರಿ ಅಂಕಿಗಳೊಡನೆ ಚದುರಿಸಿ ಹೆಣೆದು ಬರೆಯುವರು. ಅದರಿಂದ ಬಿಲ್ಲೆಯ ಸುರುಳಿಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿಹೋದರೂ ಅಲ್ಲಿದ್ದ ಅಂಕಿಗಳನ್ನು ಯಂತ್ರವು ತಪ್ಪಿಲ್ಲದೆ ಮರಳಿ ಪಡೆಯಬಲ್ಲದು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ವೇದವು ಮಂತ್ರ, ಇದು ಯಂತ್ರ. ಒಡೆದು ಹೆಣೆದಿಟ್ಟುದು ನಿರ್ಜೀವವೆಂಬ ನಿಯಮವಿಲ್ಲವೆಂಬಷ್ಟಕ್ಕೆ ಈ ದೃಷ್ಟಾಂತವು ಸಾಕು.

ಎರಡನೆಯ ಹೇತುವು ಅಸಿದ್ಧ. ತಟ್ಟೆಯಲ್ಲಿ ನಾದವು ಇದ್ದದ್ದಿದ್ದಂತೆ ನಿಲ್ಲುವುದೆಂಬುದು ತಟ್ಟೆಯನ್ನು ಕೊರೆಯುವವರು ಒಪ್ಪದ ಮಾತು. ಮಂದ್ರಸ್ವರಗಳನ್ನು ಇದ್ದಷ್ಟು ಬಲದಲ್ಲಿ ಕೊರೆದರೆ ಗೆರೆಯು ಅಗಲವಾಗಿ ಪಕ್ಕದ ಗೆರೆಯ ಮೇಲೆ ಬೀಳುವುದು. ಆದುದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುವರು. ಕೇಳುವಾಗ ಯಂತ್ರದೊಳಗೆ ಅದನ್ನು ತಿರುಗುಮುರುಗು ಮಾಡುವರು. ಅಮೆರಿಕದ ಧ್ವನಿಮುದ್ರಣ ಸಂಘದವರು ಗೊತ್ತುಮಾಡಿದ ಈ ಕ್ರಮವು 1954ರ ಸುಮಾರಿನಿಂದ ಹಬ್ಬಿ ರೂಢಿಯಾಗಿದೆ. ಎಡಬಲಗಳಲ್ಲಿ ಬೇರೆಬೇರೆಯಾಗಿರುವ ಗಟ್ಟಿಯಾದ ಮಂದ್ರವನ್ನು ನಡುವಿಗೆ ತಂದು ಸೇರಿಸುವರು. ಇಲ್ಲವಾದರೆ ಮುಳ್ಳು ಹಾರುವುದು. ಸಕಾರ ಶಕಾರಗಳು ಚುರುಗುಟ್ಟದಂತೆ ಮೆತ್ತಗೆ ಮಾಡುವರು. ಇದನ್ನೆಲ್ಲ ದೋಷವೆಂದು ನಾನು ಎಣಿಸುವುದಿಲ್ಲ; ದ್ರವ್ಯದ ಗುಣವನ್ನರಿತ ಕುಶಲಿಗಳ ಕೆಲಸವದು. ಸಂಸ್ಕಾರವೇ ಇಲ್ಲವೆಂಬ ಮಾತು ಮಾತ್ರ ಸುಳ್ಳು.

ತಟ್ಟೆಗೆ ಇನ್ನೊಂದು ಸಹಜದೋಷವುಂಟು. ನಮ್ಮ ಸಂಗೀತಕ್ಕೆ ಅದು ವಿಶೇಷವಾಗಿ ಬಾಧಕ. ತಟ್ಟೆಯು ಒಂದೇ ವೇಗದಲ್ಲಿ ತಿರುಗುವುದರಿಂದ, ಹೊರ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡಿದರೆ, ಒಳಸುತ್ತಿಗೆ ಬರುವ ವೇಳೆಗೆ ಅದು 20ರ ಸುಮಾರಿಗೆ ಇಳಿಯುವುದು. ಅಷ್ಟೇ ಕಂಪನಗಳನ್ನು ಅರ್ಧಕ್ಕೂ ಕಡಿಮೆಯಾದ ಜಾಗದಲ್ಲಿ ಇಡುಕಬೇಕಾಗುವುದರಿಂದ ಒಳಸುತ್ತುಗಳಲ್ಲಿ ನಾದವು ಕಲಕುವುದು. ನಮ್ಮ ಗಾಯಕರು ಆಲಾಪನೆಯನ್ನು ಮೆಲ್ಲನೆ ಎತ್ತಿಕೊಂಡು, ಕೃತಿಯನ್ನು ಹಾಡಿ, ಕಲ್ಪನಾಸ್ವರಗಳ ಕೋಲಾಹಲವನ್ನು ಕೊನೆಗೆ ತರುವರು. ಎಂದರೆ, ತಟ್ಟೆಯ ಅತ್ಯುತ್ತಮ ಭಾಗವು ನಿಧಾನವಾದ ಆರಂಭಕ್ಕೂ, ಅತ್ಯಧಮ ಭಾಗವು ಕಛೇರಿಯ ಶಿಖರಕ್ಕೂ ಮೀಸಲಾಯಿತು! ಸಿ. ಡಿ.ಯಲ್ಲಿ ಕಿರಣವು ಒಳಗಿನಿಂದ ಹೊರಕ್ಕೆ ಚಲಿಸುವುದು. ಬಿಲ್ಲೆಯ ತಿರುಗುವಿಕೆಯನ್ನು ನಿಮಿಷಕ್ಕೆ ಸುಮಾರು 500 ಸುತ್ತಿನಿಂದ 200ಕ್ಕೆ ಕ್ರಮವಾಗಿ ತಗ್ಗಿಸುತ್ತ ಬರುವುದರಿಂದ ಮೊದಲ ಸ್ವರಕ್ಕೂ ಕೊನೆಯ ಸ್ವರಕ್ಕೂ ಸಿಕ್ಕುವ ಜಾಗ ಒಂದೇ.

ಇನ್ನು ನಿಶ್ಶಬ್ದದ ಮಾತು. ಅತ್ಯಂತ ಮೆಲ್ಲನೆಯ ಧ್ವನಿಗೂ ಅತ್ಯಂತ ಗಟ್ಟಿಯಾದ ಧ್ವನಿಗೂ ಇರುವ ಅಂತರವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುವರು. ಸಿ. ಡಿ.ಯು ಸುಮಾರು 96 ಡೆಸಿಬೆಲ್ ಅಂತರವನ್ನು ಹಿಡಿಯಬಲ್ಲದು. ಒಳ್ಳೆಯ ವಿನೈಲ್ ತಟ್ಟೆಯು 60ರಿಂದ 70. ವೀಣೆಯ ಒಂದು ಮೀಟು ಎಳೆದು ಎಳೆದು ಕರಗುವಾಗ, ಅದರ ಕಡೆಯ ಎಳೆ ಇರುವುದು ಈ ಅಂತರದ ಕೆಳ ಅಂಚಿನಲ್ಲಿಯೇ. ತಟ್ಟೆಯಲ್ಲಿ ಆ ಎಳೆಯು ಮುಳ್ಳಿನ ಸರಸರದೊಳಗೆ ಮುಳುಗುವುದು. ತಂಬೂರಿಯ ಶ್ರುತಿಯ ಗತಿಯೂ ಹಾಗೆಯೇ. ಸಂಗೀತದ ಪ್ರಾಣವು ಇಂತಹ ಸೂಕ್ಷ್ಮಗಳಲ್ಲಿದೆಯೆಂದು ಉಪನ್ಯಾಸಕರೇ ಅಂದು ಹೇಳಿದರು. ಹಾಗಾದರೆ ಪ್ರಾಣವು ಎಲ್ಲಿ ಉಳಿಯಿತು, ಎಲ್ಲಿ ಹೋಯಿತು?

ಮೂರನೆಯ ಹೇತುವಿನಲ್ಲಿ ಸತ್ಯಾಂಶವಿದೆ. ಆದುದರಿಂದ ಅದಕ್ಕೆ ಹೆಚ್ಚು ಗೌರವವನ್ನು ಸಲ್ಲಿಸಬೇಕು. ಅನೇಕ ಸಿ. ಡಿ.ಗಳು ಕರ್ಕಶವಾಗಿರುವುದು ನಿಜ. ಅದೇ ಹಾಡಿನ ತಟ್ಟೆಯು ಕೆಲವೊಮ್ಮೆ ಹೆಚ್ಚು ಹಿತವಾಗಿರುವುದೂ ನಿಜ. ಕಿವಿಯು ಸುಳ್ಳು ಹೇಳಲಿಲ್ಲ. ಕಿವಿಯ ಮಾತಿನಿಂದ ನಾವು ಮಾಡಿದ ಅನುಮಾನವು ತಪ್ಪಿತು.

ತರ್ಕವನ್ನು ಓದಿದವರಿಗೆ ಉಪಾಧಿಯೆಂಬ ದೋಷವು ತಿಳಿದೇ ಇದೆ. ಹೊಗೆಯಿರುವಲ್ಲಿ ಬೆಂಕಿಯುಂಟು ಎಂಬುದು ಸರಿ. ಬೆಂಕಿಯಿರುವಲ್ಲಿ ಹೊಗೆಯುಂಟು ಎಂದರೆ ತಪ್ಪು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆಗೆ ಕಾರಣವು ಹಸಿಸೌದೆಯ ಸಂಬಂಧ. ಅದೇ ಅಲ್ಲಿ ಉಪಾಧಿ. ಹಾಗೆಯೇ, ಸಿ. ಡಿ. ಇರುವಲ್ಲಿ ಕಾರ್ಕಶ್ಯವುಂಟು ಎಂಬ ವ್ಯಾಪ್ತಿಯೂ ಸೋಪಾಧಿಕ. ಇಲ್ಲಿ ಹಸಿಸೌದೆ ಯಾವುದು? 1990ರ ದಶಕದಿಂದೀಚೆಗೆ ಧ್ವನಿಮುದ್ರಿಕೆಗಳ ವ್ಯಾಪಾರಿಗಳು ಹಿಡಿದ ಗಟ್ಟಿತನದ ಪೈಪೋಟಿ. ಪಕ್ಕದವನ ಹಾಡಿಗಿಂತ ನಮ್ಮ ಹಾಡು ಜೋರಾಗಿ ಕೇಳಿಸಬೇಕೆಂಬ ಆಸೆಯಿಂದ, ಮೆಲ್ಲನೆಯ ಧ್ವನಿಯನ್ನು ಮೇಲಕ್ಕೆತ್ತಿ, ಎತ್ತರದ ಶಿಖರಗಳನ್ನು ಕೊಚ್ಚಿ ಸಮಮಾಡಿ, ಎಲ್ಲವನ್ನೂ ಛಾವಣಿಗೆ ಒತ್ತರಿಸಿದರು. ಸಿ. ಡಿ.ಯು ಮೂಕಪಾತ್ರೆ, ತುಂಬಿದುದನ್ನು ಹಿಡಿಯಿತು. ತಟ್ಟೆಯಲ್ಲಿ ಹೀಗೆ ಮಾಡಲು ಹೋದರೆ ಗೆರೆಯು ಅಗಲವಾಗಿ ಕಾಲಾವಕಾಶ ಕುಗ್ಗುವುದು, ಮುಳ್ಳು ತಪ್ಪುವುದು. ಅದಕ್ಕಾಗಿ ತಟ್ಟೆಗೆ ಕಳಿಸುವ ಪ್ರತಿಯನ್ನು ಅನೇಕ ವೇಳೆ ಸೌಮ್ಯವಾಗಿ ಸಿದ್ಧಮಾಡುವರು. ನಾವು ಎರಡು ಪಾತ್ರೆಗಳನ್ನು ಹೋಲಿಸಿದೆವೆಂದು ಭ್ರಮಿಸಿದೆವು. ಹೋಲಿಸಿದುದು ಎರಡು ಅಡಿಗೆಗಳನ್ನು. ಸಾರಿಗೆ ಉಪ್ಪು ಹೆಚ್ಚಾದರೆ ತಪ್ಪು ಅಡಿಗೆಯವನದೋ, ಬಟ್ಟಲಿನದೋ?

ಇದಕ್ಕೆ ನಿದರ್ಶನವೂ ಇದೆ. 2008ರಲ್ಲಿ ಮೆಟಾಲಿಕಾ ಎಂಬ ಅಮೆರಿಕದ ವಾದ್ಯಗೋಷ್ಠಿಯವರ ಧ್ವನಿಮುದ್ರಿಕೆಯೊಂದು ಹೊರಬಂದಾಗ, ಅದರ ಸಿ. ಡಿ.ಯು ಅತಿಯಾಗಿ ಒತ್ತರಿಸಲ್ಪಟ್ಟು ಒಡೆದು ಕೇಳುತ್ತದೆಂದು ಸಾವಿರಾರು ಜನ ಅಭಿಮಾನಿಗಳೇ ಅರ್ಜಿ ಬರೆದುಕೊಂಡರು. ವಿನೋದವೇನೆಂದರೆ, ಅದೇ ಹಾಡುಗಳನ್ನು ಒಂದು ವಿಡಿಯೋ ಆಟಕ್ಕಾಗಿ ಬೇರೆಯಾಗಿ ಕೊಟ್ಟಿದ್ದರು. ಆ ಪ್ರತಿಯಲ್ಲಿ ಅಷ್ಟು ಒತ್ತಡವಿರಲಿಲ್ಲ, ಕೇಳಲು ಹಿತವಾಗಿತ್ತು. ಆಟದ ಪ್ರತಿಯೂ ಅಂಕಿಗಳದೇ, ಸಿ. ಡಿ.ಯೂ ಅಂಕಿಗಳದೇ. ಕಾರ್ಕಶ್ಯವು ಅಂಕಿಗಳಿಂದ ಬಂದುದಾಗಿದ್ದರೆ ಎರಡರಲ್ಲಿಯೂ ಇರಬೇಕಾಗಿತ್ತು. 1980ರ ದಶಕದ ಮೊದಮೊದಲ ಸಿ. ಡಿ.ಗಳ ವಿಷಯದಲ್ಲಿಯೂ ಹೀಗೆಯೇ: ಅವುಗಳಲ್ಲಿ ಹಲವನ್ನು ತಟ್ಟೆ ಕೊರೆಯುವುದಕ್ಕೆಂದು ಹದಮಾಡಿದ ಟೇಪುಗಳಿಂದ ಹಾಗೆಯೇ ಇಳಿಸಿದರು. ಅಪವಾದವು ಸಿ. ಡಿ.ಯ ಪಾಲಿಗೆ ಬಂದಿತು.

ರಸಿಕರ ಕಿವಿಯೇ ಪರಮಪ್ರಮಾಣವೆಂದು ಹಿಡಿಯುವವರಿಗೆ 2022ರ ಒಂದು ಪ್ರಸಂಗವನ್ನು ಜ್ಞಾಪಿಸುವೆನು. ಮೊಬೈಲ್ ಫಿಡೆಲಿಟಿ ಎಂಬ ಅಮೆರಿಕದ ಕಂಪೆನಿಯವರು ಮೂಲ ಟೇಪುಗಳಿಂದ ಮಾಡಿದ ತಟ್ಟೆಗಳೆಂದು ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಅಂಕಿಗಳ ಸೋಂಕಿಲ್ಲದ ಶುದ್ಧನಾದವೆಂದು ರಸಿಕರು ಅವುಗಳನ್ನು ಕೊಂಡಾಡುತ್ತಿದ್ದರು. ಆ ವರ್ಷದ ಜುಲೈ ತಿಂಗಳಿನಲ್ಲಿ ಕಂಪೆನಿಯ ತಂತ್ರಜ್ಞರೇ ಒಂದು ಸಂದರ್ಶನದಲ್ಲಿ ಒಪ್ಪಿಕೊಂಡರು: ಹಲವು ವರ್ಷಗಳಿಂದ ಅನೇಕ ತಟ್ಟೆಗಳಿಗೆ ಟೇಪನ್ನು ಮೊದಲು ಅಂಕರೂಪಕ್ಕೆ ಇಳಿಸಿ, ಅಲ್ಲಿಂದ ಕೊರೆಯುತ್ತಿದ್ದರು. ವ್ಯಾಜ್ಯವು ನ್ಯಾಯಾಲಯಕ್ಕೂ ಹೋಯಿತು. ಅವರು ಬಳಸಿದ ಕ್ರಮವು ಸಿ. ಡಿ.ಯದಕ್ಕಿಂತ ಸೂಕ್ಷ್ಮತರವೆಂಬುದನ್ನು ಮರೆಮಾಚುವುದಿಲ್ಲ. ಆದರೆ ಅಂಕಿಯು ಮುಟ್ಟಿದೊಡನೆ ನಾದವು ಸಾಯುವುದೆಂಬ ವಾದಕ್ಕೆ ಇಷ್ಟು ಸಾಲದೇ? ಸತ್ತುದನ್ನು ಅಷ್ಟು ವರ್ಷ ಯಾರೂ ಗುರುತಿಸಲಿಲ್ಲವಲ್ಲ! ಸಿ. ಡಿ.ಯ ಅಳತೆಯೇ ಸಾಲದೆನ್ನುವವರು 2007ರಲ್ಲಿ ಮೇಯರ್ ಮತ್ತು ಮೋರನ್ ಎಂಬ ಇಬ್ಬರು ಅಮೆರಿಕನರು ಪ್ರಕಟಿಸಿದ ಪರೀಕ್ಷೆಯನ್ನು ನೋಡಬೇಕು. ಅತಿಸೂಕ್ಷ್ಮ ಧ್ವನಿಮುದ್ರಿಕೆಗಳ ನಡುವೆ ಸಿ. ಡಿ.ಯ ಅಳತೆಯ ಸೋಸುಗವನ್ನು ಗೋಪ್ಯವಾಗಿ ಸೇರಿಸಿ, ತೆಗೆದು, ಕೇಳುವವರನ್ನು ಪ್ರಶ್ನಿಸಿದರು. ಸಾಮಾನ್ಯವಾದ ಗಟ್ಟಿತನದಲ್ಲಿ ಅವರ ಉತ್ತರಗಳು ಕಣ್ಣುಮುಚ್ಚಿ ಊಹಿಸಿದುದಕ್ಕಿಂತ ಮೇಲಾಗಲಿಲ್ಲ.

ನನ್ನ ಕಣ್ಣು ತೆರೆದುದು ಇಷ್ಟು ದೂರದ ಸಂಗತಿಗಳಿಂದಲ್ಲ. ಕೆಲವು ವರ್ಷಗಳ ಹಿಂದೆ ನವರಾತ್ರಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು, ಧ್ವನಿಮುದ್ರಣದ ಕೆಲಸದಲ್ಲಿರತಕ್ಕವನು. ನಾನು ಎಂದಿನಂತೆ ಸಿ. ಡಿ.ಯನ್ನು ಹಳಿದೆನು. ಅವನು ಎದುರು ಮಾತನಾಡದೆ, ನನ್ನ ಅತ್ಯಂತ ಪ್ರಿಯವಾದ ವೀಣೆಯ ತಟ್ಟೆಯನ್ನು ಕೇಳಿ ತೆಗೆದುಕೊಂಡು, ತನ್ನ ಸಲಕರಣೆಯಿಂದ ಸಿ. ಡಿ.ಗೆ ಇಳಿಸಿದನು. ಮರುದಿನ ಎರಡರ ಗಟ್ಟಿತನವನ್ನೂ ಸರಿದೂಗಿಸಿ, ಎರಡನ್ನೂ ಒಟ್ಟಿಗೆ ಓಡಿಸಿ, ಯಂತ್ರಗಳಿಗೆ ಅಡ್ಡಲಾಗಿ ಮನೆಯವಳ ಸೀರೆಯೊಂದನ್ನು ಕಟ್ಟಿ, "ಮೇಷ್ಟ್ರೇ, ಈಗ ಕೇಳುತ್ತಿರುವುದು ಯಾವುದು, ತಾವು ಹೇಳಬೇಕು" ಎಂದನು. ಹತ್ತು ಸಲ ಕೇಳಿದನು. ಐದು ಸಲ ನಾನು ಸರಿಯಾಗಿ ಹೇಳಿದೆನು. ನಾಣ್ಯವನ್ನು ಚಿಮ್ಮಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಗಟ್ಟಿತನವನ್ನು ಏಕೆ ಸರಿದೂಗಿಸಿದೆಯೆಂದು ಕೇಳಿದುದಕ್ಕೆ, ಎರಡು ಧ್ವನಿಗಳಲ್ಲಿ ಕೂದಲೆಳೆಯಷ್ಟು ಜೋರಾದುದೇ ಮನುಷ್ಯನಿಗೆ ಉತ್ತಮವೆಂದು ತೋರುವುದೆಂದು ತಿಳಿಸಿದನು. ಹತ್ತು ಸಲದ ಪರೀಕ್ಷೆಯು ಶಾಸ್ತ್ರವಾಗಲಾರದು. ಆದರೆ ನನ್ನ ಗರ್ವಭಂಗಕ್ಕೆ ಸಾಕಾಯಿತು.

ಅಂದು ರಾತ್ರಿ ನಿದ್ರೆ ಬಾರದೆ ಆಲೋಚಿಸುತ್ತಿರುವಾಗ ಹೊಳೆದ ಯುಕ್ತಿಯೇ ಈ ವಿವಾದವನ್ನು ನಿರ್ಣಯಿಸತಕ್ಕದ್ದೆಂದು ನನ್ನ ನಂಬಿಕೆ. ತಟ್ಟೆಯ ಮಾಧುರ್ಯವನ್ನೂ, ಅದರ ಸರಸರವನ್ನೂ, ಗೀಚಿನ ಟಿಕ್ಕೆಂಬ ಸದ್ದನ್ನೂ ಸಿ. ಡಿ.ಯು ಯಥಾವತ್ತಾಗಿ ಹಿಡಿದುಕೊಟ್ಟಿತು. ಸಿ. ಡಿ.ಯಲ್ಲಿರುವ ನಿಶ್ಶಬ್ದವನ್ನೂ ಕೊನೆಯವರೆಗಿನ ಸ್ಪಷ್ಟತೆಯನ್ನೂ ಯಾವ ತಟ್ಟೆಯೂ ಹೀಗೆ ಹಿಡಿದುಕೊಡಲಾರದು. ಕೊಳಗವು ಸೇರನ್ನು ಒಳಗೊಳ್ಳುವುದು, ಸೇರು ಕೊಳಗವನ್ನು ಒಳಗೊಳ್ಳಲಾರದು. ಯಾವುದು ದೊಡ್ಡ ಪಾತ್ರೆಯೆಂದು ಇನ್ನು ಹೇಳಬೇಕೇ?

ಹಾಗಾದರೆ ತಟ್ಟೆಯನ್ನು ಪ್ರೀತಿಸುವುದು ಅಪರಾಧವೇ? ಎಂದಿಗೂ ಅಲ್ಲ. ತಟ್ಟೆಯು ನಾದಕ್ಕೆ ಒಂದಿಷ್ಟು ಒಗ್ಗರಣೆಯನ್ನು ಸೇರಿಸುವುದು. ಆ ಘಮವು ಹಲವರಿಗೆ ಹಿತ. ನನಗೂ ಹಿತ. ರುಚಿಯ ವಿಷಯದಲ್ಲಿ ವಾದವಿಲ್ಲ. ನನಗೆ ಹಿತವಾದುದೇ ಯಥಾರ್ಥವೆಂದು ಸಾಧಿಸಹೊರಟಾಗ ಮಾತ್ರ ವಾದಕ್ಕೆ ಬರುವುದು. ಸಿ. ಡಿ.ಯು ನಿರ್ದೋಷಿಯೆಂದೂ ನಾನು ಹೇಳುವುದಿಲ್ಲ. ಮನೆಯಲ್ಲಿ ಬರೆಯುವ ಸಿ. ಡಿ.ಗಳ ಬಣ್ಣದ ಲೇಪವು ಬಿಸಿಲಿಗೂ ಸೆಕೆಗೂ ಕೆಲವೇ ವರ್ಷಗಳಲ್ಲಿ ಕೆಡುವುದುಂಟು. ಸ್ವಲ್ಪ ಸವೆದ ತಟ್ಟೆಯು ಮುಲುಗುತ್ತಲಾದರೂ ಹಾಡುವುದು. ಮಿತಿಮೀರಿ ಕೆಟ್ಟ ಸಿ. ಡಿ.ಯು ಒಮ್ಮೆಲೇ ಮೂಕವಾಗುವುದು. ಅಂಕರೂಪದ ಗುಣವಿರುವುದು ಬಿಲ್ಲೆಯಲ್ಲಲ್ಲ. ಎಷ್ಟು ಸಲ ನಕಲು ಮಾಡಿದರೂ ಅಂಕಿಗಳು ಮಾಸದಿರುವುದರಲ್ಲಿ. ಬಿಲ್ಲೆಯು ಕೆಡುವ ಮುನ್ನ ಬೇರೆ ಕಡೆಗೆ ನಕಲು ಮಾಡಿದರೆ ಮೊದಲನೆಯದಕ್ಕೂ ನೂರನೆಯದಕ್ಕೂ ಎಳ್ಳಷ್ಟು ಭೇದವಿರದು.

ಇನ್ನು ಸಂಘದ ಸೂಚನೆಗೆ ಬರುವೆನು. ಇಷ್ಟು ದೂರ ವಾದಿಸಿದುದು ಅದಕ್ಕಾಗಿಯೇ. ಮುಳ್ಳು ಗೆರೆಯನ್ನು ಒಂದೊಂದು ಸಲ ಹಾಯ್ದಾಗಲೂ ಒಂದಿಷ್ಟು ನಾದವನ್ನು ಉಜ್ಜಿಕೊಂಡು ಹೋಗುವುದು. ಹಳೆಯ ಉಕ್ಕಿನ ಮುಳ್ಳಿನ ಯಂತ್ರಗಳಲ್ಲಂತೂ ಇದು ಕಣ್ಣಿಗೇ ಕಾಣುವುದು. ನಮ್ಮ ಮನೆಯಲ್ಲಿ ತಂದೆಯವರ ಕಾಲದ 78 ಸುತ್ತಿನ ತಟ್ಟೆಯೊಂದಿತ್ತು. ನಮ್ಮ ತಾಯಿಯವರಿಗೆ ಅದು ಪ್ರಾಣ. ನವರಾತ್ರಿಯ ಒಂಬತ್ತು ದಿನವೂ ಸಂಜೆ ಗೊಂಬೆಗಳಿಗೆ ಆರತಿಯಾದ ಮೇಲೆ ಅದನ್ನು ಹಾಕಲೇಬೇಕು. ಒಂದು ಮುಳ್ಳಿಗೆ ಒಂದು ಪಕ್ಕವೆಂಬ ನಿಯಮವಿದ್ದರೂ, ಮಿತವ್ಯಯಿಗಳಾದ ನಮ್ಮ ತಂದೆಯವರು ಒಂದೇ ಮುಳ್ಳಿನಲ್ಲಿ ವಾರವನ್ನು ಕಳೆಯುತ್ತಿದ್ದರು. ತಾಯಿಯವರು ತೀರಿಕೊಂಡ ವರ್ಷ ಅವರ ನೆನಪಿಗೆಂದು ಆ ತಟ್ಟೆಯನ್ನು ಹಾಕಿದೆನು. ಗರಗರ ಸದ್ದಿನ ಹಿಂದೆ ಎಲ್ಲಿಯೋ ಒಂದು ಹೆಣ್ಣುದನಿಯ ನೆರಳು. ಚರಣದ ಮೊದಲ ಸಾಲು ಪೂರ್ತಿಯಾಗಿ ಇಲ್ಲ. ಅದರ ಇನ್ನೊಂದು ಪ್ರತಿಯನ್ನು ನಾನು ಈವರೆಗೆ ಕಂಡಿಲ್ಲ. ಅದನ್ನು ಸವೆಸಿದುದು ಶತ್ರುಗಳಲ್ಲ. ಅದನ್ನು ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸಿದ ನಾವೇ.

ಸಂಘದ ಬೀರುವಿನಲ್ಲಿ ಅಂತಹ ತಟ್ಟೆಗಳು ನೂರಕ್ಕೆ ಮೇಲ್ಪಟ್ಟು ಇವೆ: ನಾಟಕದ ಕಂಪೆನಿಗಳ ಹಾಡುಗಳು, ಹಾಸ್ಯಸಂಭಾಷಣೆಗಳು, ಹರಿಕಥೆಗಳು. ಕೆಲವಕ್ಕೆ ಬೂಸಲು ಹಿಡಿದಿದೆ, ಒಂದೆರಡು ಸೀಳಿವೆ. ಇವುಗಳನ್ನು ತಿಂಗಳಿಗೊಮ್ಮೆ ಸಭೆಯಲ್ಲಿ ಓಡಿಸುವುದೆಂದರೆ ದೇವರ ಉತ್ಸವಮೂರ್ತಿಯನ್ನು ಪ್ರತಿ ತಿಂಗಳೂ ಹುಣಿಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಮೂಗುಕಣ್ಣು ಸವೆಯಿಸಿದಂತೆ. ಅಲ್ಲದೆ ಹೊಸ ಯಂತ್ರಕ್ಕೆ ಹಾಕಿ ಬರುವ ಮುಳ್ಳು ವಿನೈಲಿನ ಸಣ್ಣ ಗೆರೆಗೆ ತಕ್ಕುದು. 78 ಸುತ್ತಿನ ತಟ್ಟೆಯ ಗೆರೆಯು ಅದರ ಮೂರರಷ್ಟು ದಪ್ಪ ಮುಳ್ಳನ್ನು ಬೇಡುವುದು. ಹಿಂದಿನ ಕಾಲದ ತಟ್ಟೆಗಳೆಲ್ಲವೂ ಸರಿಯಾಗಿ 78 ಸುತ್ತಿನವೂ ಅಲ್ಲ. ವೇಗ ತಪ್ಪಿದರೆ ಗಾಯಕನ ಶ್ರುತಿಯೇ ಬದಲಾಗುವುದು. ಇದು ಬಲ್ಲವರು ಒಮ್ಮೆ, ಒಂದೇ ಒಮ್ಮೆ, ಎಚ್ಚರದಿಂದ ಮಾಡಬೇಕಾದ ಕೆಲಸ.

ಗೌಹರ್ ಜಾನ್ ಎಂಬ ಮಹಾಗಾಯಕಿಯ ಕಥೆಯನ್ನು ನೆನೆಯೋಣ. 1902ರಲ್ಲಿ ಕಲ್ಕತ್ತೆಯಲ್ಲಿ ಗೈಸ್‌ಬರ್ಗ್ ಎಂಬವರು ಆಕೆಯ ಹಾಡನ್ನು ಮುದ್ರಿಸಿಕೊಂಡರು. ತಟ್ಟೆಗಳನ್ನು ಒತ್ತಿದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡು ಮುಗಿದೊಡನೆ ಆಕೆಯು ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುವುದನ್ನು ಇಂದಿಗೂ ಕೇಳಬಹುದು. ಕೊನೆಗಾಲದಲ್ಲಿ ಆಕೆಯು ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ನೂರ ಇಪ್ಪತ್ತು ವರ್ಷಗಳಿಗೂ ಹಿಂದಿನ ಆ ದನಿಯು ಇಂದು ನಮ್ಮಂತಹವರ ಮನೆಗಳಿಗೆ ಬರುತ್ತಿರುವುದು ಅರಗಿನ ತಟ್ಟೆಯ ಮೇಲಲ್ಲ. ಯಾರೋ ಪುಣ್ಯಾತ್ಮರು ಉಳಿದ ತಟ್ಟೆಗಳನ್ನು ಹುಡುಕಿ ಅಂಕರೂಪಕ್ಕೆ ಇಳಿಸಿಟ್ಟುದರಿಂದ. ಶವವೆಂದು ಉಪನ್ಯಾಸಕರು ಕರೆದ ಅದೇ ರೂಪದಲ್ಲಿ ಆಕೆಯು ಇನ್ನೂ ಹಾಡುತ್ತಿದ್ದಾಳೆ.

ಆದಕಾರಣ ಸದಸ್ಯರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಸಂಗೀತನಿಧಿಯ ಹಣವು ಮೊದಲು ಈ ತಟ್ಟೆಗಳನ್ನು ತೊಳೆಯಿಸಿ, ಬಲ್ಲವರಿಂದ ಅಂಕರೂಪಕ್ಕೆ ಇಳಿಸುವುದಕ್ಕೆ ವಿನಿಯೋಗವಾಗಲಿ. ಇಳಿಸುವಾಗ ಜೋರು ಮಾಡುವುದು, ನಯಗೊಳಿಸುವುದು ಮುಂತಾದ ಸಂಸ್ಕಾರಗಳು ಬೇಡ. ಗರಗರವಿದ್ದರೆ ಗರಗರದೊಡನೆಯೇ ಒಂದು ಪ್ರತಿಯಿರಲಿ. ಪ್ರತಿಗಳನ್ನು ಒಂದೇ ಬೀರುವಿನಲ್ಲಿಡದೆ ಎರಡು ಮೂರು ಊರುಗಳಲ್ಲಿ ಇಡೋಣ. ಮೂಲ ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ತಂಪಾದ ಕಡೆ ಭದ್ರಪಡಿಸೋಣ. ಇಷ್ಟಾದ ಬಳಿಕ ಹಣ ಉಳಿದರೆ ತಟ್ಟೆಯ ಯಂತ್ರವನ್ನೂ ಕೊಳ್ಳೋಣ. ಹೊಸ ವಿನೈಲ್ ತಟ್ಟೆಗಳನ್ನು ಹಾಕಿ ಕೇಳೋಣ. ಆ ಭಾನುವಾರ ಮೊದಲ ಸಾಲಿನಲ್ಲಿ ಕುಳಿತು ತಲೆದೂಗುವವರಲ್ಲಿ ನಾನೂ ಒಬ್ಬನಿರುವೆನು. ಉಪನ್ಯಾಸಕ ಮಹಾಶಯರು ಪಕ್ಕದಲ್ಲಿ ಕುಳಿತರೆ ಇನ್ನೂ ಸಂತೋಷ. ನನ್ನ ಹೇತುಗಳಲ್ಲಿ ದೋಷವಿದ್ದರೆ ಮುಂದಿನ ಸಂಚಿಕೆಯಲ್ಲಿ ಅವರು ಅದನ್ನು ಎತ್ತಿತೋರಿಸಲಿ. ತಿದ್ದಿಕೊಳ್ಳುವುದಕ್ಕೆ ಈ ವಯಸ್ಸಿನಲ್ಲಿಯೂ ನನಗೆ ನಾಚಿಕೆಯಿಲ್ಲ. ಆದರೆ ವಾದವು ಮುಗಿಯುವವರೆಗೆ ಆ ಬೀರುವಿನ ತಟ್ಟೆಗಳ ಮೇಲೆ ಮುಳ್ಳನ್ನು ಇಡದಿರಿ.